ಎಂಟು ದಾಟಿದ ನಾಯಿಗೆ ಮನೆ ಬೇಕಾಗಿದೆ

ಬೆಂಗಳೂರಿನ ಪ್ರಾಣಿಪ್ರಿಯರ ಯಾವುದಾದರೂ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಕೊಂಡು ಸುಮ್ಮನೆ ನೋಡುತ್ತಿರಿ. ವಾರ ಕಳೆಯುವುದರೊಳಗೆ ಇಂಥದ್ದೊಂದು ಮನವಿ ಬಂದೇ ಬರುತ್ತದೆ: ಲ್ಯಾಬ್ರಡಾರ್, ಹೆಣ್ಣು, ಎಂಟು ವರ್ಷ, ತುಂಬಾ ಸಾಧು, ಮಕ್ಕಳೊಂದಿಗೆ ಹೊಂದಿಕೊಳ್ಳುತ್ತಾಳೆ, ಲಸಿಕೆಗಳೆಲ್ಲ ಆಗಿವೆ, ಮಾಲೀಕರು ವಿದೇಶಕ್ಕೆ ಹೊರಟಿದ್ದಾರೆ, ಭಾನುವಾರದೊಳಗೆ ಮನೆ ಬೇಕು. ಕೆಳಗೆ ಕೈಮುಗಿದ ಚಿತ್ರಗಳು, ಅಳುಮೋರೆಗಳು ಸಾಲುಗಟ್ಟುತ್ತವೆ. ‘ನಾನು ಕರೆದುಕೊಂಡು ಹೋಗುತ್ತೇನೆ’ ಎನ್ನುವವರು ಮಾತ್ರ ಇರುವುದಿಲ್ಲ. ಅದೇ ಗುಂಪಿನಲ್ಲಿ ಎರಡು ತಿಂಗಳ ಲ್ಯಾಬ್ರಡಾರ್ ಮರಿಯ ಫೋಟೊ ಬೀಳಲಿ, ಹಾಕಿದವರಿಗೆ ಸಂಜೆಯವರೆಗೆ ಫೋನು ಕೆಳಗಿಡಲು ಪುರಸೊತ್ತಿರುವುದಿಲ್ಲ.

ಮರಿ ಮುಂದೆ ಏನಾಗುತ್ತದೆಂದು ಅದನ್ನು ಮಾರುವವರಿಗೂ ಗೊತ್ತಿಲ್ಲ, ಕೊಳ್ಳುವವರಿಗೂ ಗೊತ್ತಿಲ್ಲ. ಸೊಂಟ ಗಟ್ಟಿಯೋ, ಸ್ವಭಾವ ಪುಕ್ಕಲೋ, ಒಂಟಿಯಾಗಿ ಬಿಟ್ಟರೆ ಸೋಫಾ ಹರಿಯುವುದೋ ಎಲ್ಲವೂ ಮುಚ್ಚಿದ ಮುಷ್ಟಿ. ಎಂಟು ವರ್ಷದ ನಾಯಿಯಲ್ಲಿ ಇದೆಲ್ಲ ಕಣ್ಣಿಗೆ ಕಾಣುತ್ತದೆ. ಆದರೂ ನಾವು ಗೊತ್ತಿಲ್ಲದ್ದಕ್ಕೆ ಹತ್ತಾರು ಸಾವಿರ ಕೊಟ್ಟು, ಗೊತ್ತಿರುವುದನ್ನು ಬಿಟ್ಟಿ ಕೊಟ್ಟರೂ ಬೇಡ ಎನ್ನುತ್ತೇವೆ. ವಯಸ್ಸಾದ ಜಾತಿನಾಯಿಯನ್ನು ಮನೆಗೆ ತರುವುದನ್ನು ದಾನಧರ್ಮದ ಖಾತೆಗೆ ಹಾಕಿಬಿಟ್ಟಿರುವುದೇ ಇದಕ್ಕೆ ಕಾರಣವೆಂದು ನನಗನ್ನಿಸುತ್ತದೆ. ಕರುಣೆಯಿಂದ ತಂದವರೂ ಇದ್ದಾರೆ, ಬೇಡವೆನ್ನುವುದಿಲ್ಲ. ಆದರೆ ನಾಯಿ ಬೇಕು, ಮರಿಯ ರಗಳೆ ಬೇಡ ಎನ್ನುವ ಮನೆಗೆ ಇದು ಸರಿಯಾಗಿ ಲೆಕ್ಕ ಹಾಕಿ ಮಾಡಬೇಕಾದ ಆಯ್ಕೆ.

ಇಷ್ಟೊಂದು ಜಾತಿನಾಯಿಗಳು ಮುದಿಪ್ರಾಯದಲ್ಲಿ ಮನೆ ಕಳೆದುಕೊಳ್ಳುವುದು ಹೇಗೆ? ಬಿಟ್ಟವರ ಕಾರಣಗಳನ್ನು ಕೇಳುತ್ತ ಹೋದರೆ ಮಹಾನಗರದ ಸಂಸಾರಗಳ ಕಥೆಯೇ ತೆರೆದುಕೊಳ್ಳುತ್ತದೆ. ವರ್ಗಾವಣೆ, ವಿಚ್ಛೇದನ, ಮನೆಗೆ ಬಂದ ಮಗು, ನಾಯಿ ಬೇಡವೆನ್ನುವ ಹೊಸ ಮನೆಮಾಲೀಕ. ಇವುಗಳಲ್ಲಿ ಮೇಲಿಂದ ಮೇಲೆ ಕೇಳಿಬರುವುದು ಇದು: ಕಾಲೇಜಿನಲ್ಲಿದ್ದಾಗ ಮಗ ಹಟ ಮಾಡಿ ಹಸ್ಕಿಯನ್ನೋ ಜರ್ಮನ್ ಶೆಫರ್ಡನ್ನೋ ತಂದ. ಓದು ಮುಗಿಯಿತು, ಕೆಲಸ ಸಿಕ್ಕಿತು, ಟೆಕ್ಸಾಸ್‌ಗೋ ಕ್ಯಾಲಿಫೋರ್ನಿಯಾಕ್ಕೋ ಹಾರಿದ. ನಾಯಿ ಅಪ್ಪ–ಅಮ್ಮನ ಪಾಲಿಗೆ ಉಳಿಯಿತು. ಎಪ್ಪತ್ತರ ಹೊಸ್ತಿಲಲ್ಲಿರುವ ತಂದೆ ಮೂವತ್ತೈದು ಕಿಲೋ ತೂಗುವ ನಾಯಿಯ ಹಗ್ಗ ಹಿಡಿದು ಬೆಳಗಿನ ಜಾವ ಹೊರಟಾಗ ಅದು ಬೆಕ್ಕು ಕಂಡು ಒಮ್ಮೆ ಜಗ್ಗಿದರೆ ಸಾಕು, ಮುಂದಿನದು ಮೂಳೆ ಡಾಕ್ಟರ ಕೆಲಸ. ಇಂಥ ಮನೆಯವರನ್ನು ನಿರ್ದಯರೆನ್ನುವುದು ಸುಲಭ. ತಪ್ಪು ಆಗಿದ್ದು ನಾಯಿ ಬಿಟ್ಟ ದಿನವಲ್ಲ, ತಂದ ದಿನ.

ಎರಡನೆಯ ಮೂಲ ಫ್ಯಾಷನ್ನು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನೊಬ್ಬನ ಬೆನ್ನು ಬಿಡದೆ ಓಡಾಡಿದ ಪಗ್ ದೇಶದ ಮನೆಮನೆಯನ್ನೂ ಗೆದ್ದಿತು. ಪಗ್ ಮರಿಯ ಬೆಲೆ ಏರಿತು, ಬೇಡಿಕೆಗೆ ತಕ್ಕಂತೆ ಕಂಡಕಂಡವರು ಮರಿ ಹಾಕಿಸತೊಡಗಿದರು. ಚಪ್ಪಟೆ ಮೂತಿಯ ಆ ನಾಯಿಗೆ ನಮ್ಮ ಸೆಕೆಯಲ್ಲಿ ಉಸಿರಾಡುವುದೇ ಕಷ್ಟ, ಉಬ್ಬಿದ ಕಣ್ಣಿಗೆ ಗಾಯವಾಗುವುದು ಸುಲಭ, ಮುಖದ ಸುಕ್ಕುಗಳಲ್ಲಿ ಸೋಂಕು ಸದಾ ಹೊಂಚು ಹಾಕಿರುತ್ತದೆ. ಇದನ್ನು ಜಾಹೀರಾತು ಹೇಳಲಿಲ್ಲ, ಮಾರಿದವರೂ ಹೇಳಲಿಲ್ಲ. ಐದಾರು ವರ್ಷವಾಗಿ ಆಸ್ಪತ್ರೆಯ ಬಿಲ್ಲು ಬೆಳೆದಾಗ ಬಹಳಷ್ಟು ಪಗ್‌ಗಳು ಬೀದಿಗೆ ಬಂದವು. ಪಗ್ ಆದಮೇಲೆ ಹಸ್ಕಿ ಬಂತು, ಸೇಂಟ್ ಬರ್ನಾರ್ಡ್ ಬಂತು. ಹಿಮದ ನಾಡಿಗೆಂದೇ ಮೈತುಂಬ ಎರಡು ಪದರ ಕೂದಲು ಹೊತ್ತ ಪ್ರಾಣಿಯನ್ನು ಬಳ್ಳಾರಿಯ ಬಿಸಿಲಿಗೆ ತಂದು ನಿಲ್ಲಿಸುವುದಕ್ಕೂ ನಮ್ಮಲ್ಲಿ ಯಾರ ಅಡ್ಡಿಯೂ ಇಲ್ಲ.

ಮೂರನೆಯ ಮೂಲದ ಬಗ್ಗೆ ಮಾತು ಕಡಿಮೆ, ಕಾಣುವುದೂ ಕಡಿಮೆ. ಮರಿ ಹಾಕಿಸುವವರ ಶೆಡ್ಡುಗಳಲ್ಲಿ ಸವೆದ ತಾಯಿನಾಯಿಗಳು. ರಕ್ಷಣಾ ಕೇಂದ್ರಕ್ಕೆ ಅಂಥದ್ದೊಂದು ಬಂದರೆ ಪಶುವೈದ್ಯರು ಕೇಳದೆಯೇ ಗುರುತಿಸುತ್ತಾರೆ. ಜೋತುಬಿದ್ದ ಮೊಲೆಗಳು; ಸಿಮೆಂಟಿನ ನೆಲದಲ್ಲಿ ವರ್ಷಗಟ್ಟಲೆ ಮಲಗಿ ಮೊಣಕೈಗಳ ಮೇಲೆ ಆನೆಯ ಚರ್ಮದಂತೆ ದಪ್ಪಗಟ್ಟಿದ ತೊಗಲು; ಸರಳು ಕಡಿದು ಕಡಿದು ಅರ್ಧಕ್ಕೆ ಸವೆದ ಕೋರೆಹಲ್ಲು; ಸವೆಯದೆ ಸುತ್ತಿಕೊಂಡ ಉಗುರು. ಹುಲ್ಲಿನ ಮೇಲೆ ಬಿಟ್ಟರೆ ಕಾಲೆತ್ತಿ ಎತ್ತಿ ಇಡುತ್ತದೆ, ಏಕೆಂದರೆ ಹುಲ್ಲು ಏನೆಂದು ಅದಕ್ಕೆ ಗೊತ್ತಿಲ್ಲ. ಮೆಟ್ಟಿಲ ಮುಂದೆ ನಿಂತು ನಡುಗುತ್ತದೆ. ಹೆಸರಿಟ್ಟು ಕರೆದರೆ ತಿರುಗುವುದಿಲ್ಲ, ಹೆಸರೇ ಇರಲಿಲ್ಲವಲ್ಲ. ‘777 ಚಾರ್ಲಿ’ ಚಿತ್ರ 2022ರಲ್ಲಿ ಬಂದಾಗ ಅತ್ತವರು ಲಕ್ಷಾಂತರ. ಅವರಲ್ಲಿ ಎಷ್ಟು ಮಂದಿ ಚಿತ್ರದ ನಾಯಿ ಚಾರ್ಲಿ ತಪ್ಪಿಸಿಕೊಂಡು ಬಂದ ಜಾಗವನ್ನು ನೆನಪಿಟ್ಟುಕೊಂಡರೋ ಗೊತ್ತಿಲ್ಲ. ಒಳಸಂಬಂಧದಲ್ಲಿ ಮರಿ ಹಾಕಿಸುವ ದಂಧೆಯೇ ಚಾರ್ಲಿಯ ಕಾಯಿಲೆಯ ಬೇರು ಎಂದು ನಿರ್ದೇಶಕ ಕಿರಣ್‌ರಾಜ್ ಸ್ಪಷ್ಟವಾಗಿಯೇ ತೋರಿಸಿದ್ದರು.

ಕಾನೂನು ಇಲ್ಲವೆ? ಇದೆ. ನಾಯಿ ಸಾಕಣೆ ಮತ್ತು ಮಾರಾಟದ ಕೇಂದ್ರ ನಿಯಮಗಳು 2017ರಲ್ಲಿ ಬಂದವು. ಮರಿ ಹಾಕಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು, ಹದಿನೆಂಟು ತಿಂಗಳಾಗದ ಅಥವಾ ಎಂಟು ವರ್ಷ ದಾಟಿದ ಹೆಣ್ಣಿನಿಂದ ಮರಿ ಪಡೆಯಬಾರದು. ಪಾಲನೆ ಎಷ್ಟೆಂಬುದನ್ನು ಆನ್‌ಲೈನ್ ಮಾರಾಟದ ಜಾಹೀರಾತುಗಳೇ ಸಾರುತ್ತವೆ. ಇನ್ನು ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ನೂಕಿ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಅರವತ್ತು ವರ್ಷದ ಹಿಂದಿನ ಮೊತ್ತ ಹಾಗೆಯೇ ಉಳಿದಿದೆ. ನಾಯಿಯನ್ನು ಕಾರಿನಲ್ಲಿ ನೈಸ್ ರಸ್ತೆಯವರೆಗೆ ಒಯ್ದು ಬಿಟ್ಟು ಬರುವವರು ಟೋಲ್‌ಗೆ ಇದಕ್ಕಿಂತ ಹೆಚ್ಚು ಕೊಡುತ್ತಾರೆ.

ಸರ್ಕಾರದ ಅವಸರವೂ ನಾಯಿಗಳನ್ನು ಬೀದಿಗೆ ತರಬಲ್ಲದು. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನೆ ಇಲಾಖೆ ರಾಟ್‌ವೀಲರ್, ಪಿಟ್‌ಬುಲ್ ಸೇರಿದಂತೆ 23 ತಳಿಗಳನ್ನು ‘ಉಗ್ರ’ವೆಂದು ಕರೆದು, ಅವುಗಳ ಮಾರಾಟ, ಸಾಕಣೆ ನಿಲ್ಲಿಸುವಂತೆ ರಾಜ್ಯಗಳಿಗೆ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು. ನಡುವಿನ ವಾರಗಳಲ್ಲಿ ಮನೆಯ ಮೂಲೆಯಲ್ಲಿ ತೂಕಡಿಸುತ್ತಿದ್ದ ವಯಸ್ಸಾದ ರಾಟ್‌ವೀಲರ್‌ಗಳೂ ಅಕ್ಕಪಕ್ಕದವರ ಕಣ್ಣಿಗೆ ಇದ್ದಕ್ಕಿದ್ದಂತೆ ಅಪರಾಧಿಗಳಾಗಿದ್ದವು.

ತಳಿಯೊಂದನ್ನೇ ಹಿಡಿದು ರಕ್ಷಣೆ ಮಾಡುವ ಪದ್ಧತಿ ಬೆಳೆದದ್ದು ಪಶ್ಚಿಮದಲ್ಲಿ. ಲಂಡನ್ನಿನ ಬ್ಯಾಟರ್‌ಸೀ 1860ರಿಂದ ಎಲ್ಲ ಬಗೆಯ ನಾಯಿಗಳಿಗೂ ಆಸರೆ ಕೊಡುತ್ತ ಬಂದಿದೆ. ತಳಿಪ್ರೇಮಿಗಳ ಪ್ರತ್ಯೇಕ ಸಂಘಗಳು ಬಲಗೊಂಡದ್ದು ಅದಕ್ಕೆ ನೂರು ವರ್ಷ ಕಳೆದ ಮೇಲೆ. ಬ್ರಿಟನ್ನಿನಲ್ಲಿ ಪಂದ್ಯದಿಂದ ನಿವೃತ್ತವಾದ ಗ್ರೇಹೌಂಡ್‌ಗಳಿಗೆ ಮನೆ ಹುಡುಕುವ ಟ್ರಸ್ಟು 1975ರಲ್ಲಿ ಹುಟ್ಟಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಯಾಂಕೀ ಗೋಲ್ಡನ್ ರಿಟ್ರೀವರ್ ರೆಸ್ಕ್ಯೂ 1985ರಲ್ಲಿ ಶುರುವಾಯಿತು. ಇವುಗಳ ಕೆಲಸದ ರೀತಿ ಹೆಚ್ಚುಕಡಿಮೆ ಒಂದೇ. ನಾಯಿ ಬಂದೊಡನೆ ಪಂಜರಕ್ಕೆ ಹಾಕುವುದಿಲ್ಲ, ಸ್ವಯಂಸೇವಕರೊಬ್ಬರ ಮನೆಗೆ ತಾತ್ಕಾಲಿಕ ಪಾಲನೆಗೆ, ಅಂದರೆ ಫೋಸ್ಟರ್ ಆಗಿ ಕಳಿಸುತ್ತಾರೆ. ಅಲ್ಲಿ ಅದು ಮಕ್ಕಳನ್ನು, ಬೆಕ್ಕನ್ನು, ಮಿಕ್ಸರಿನ ಸದ್ದನ್ನು, ಒಂಟಿತನವನ್ನು ಹೇಗೆ ಸಹಿಸುತ್ತದೆಂದು ನೋಡಿ ಬರೆದಿಡುತ್ತಾರೆ. ಸಂತಾನಹರಣ, ರಕ್ತಪರೀಕ್ಷೆ, ಹಲ್ಲಿನ ಚಿಕಿತ್ಸೆ ಮುಗಿಸಿ, ಕೇಳಿಕೊಂಡು ಬಂದವರ ಮನೆ ನೋಡಿ ಬಂದು ಆಮೇಲೆ ಕೊಡುತ್ತಾರೆ. ಹೊಂದಿಕೆಯಾಗದಿದ್ದರೆ ಎಷ್ಟು ವರ್ಷದ ಮೇಲಾದರೂ ತಮಗೇ ವಾಪಸು ಕೊಡಬೇಕೆಂದು ಬರೆಸಿಕೊಳ್ಳುತ್ತಾರೆ. ಒಂದೇ ತಳಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಅದರ ರೋಗರುಜಿನ, ಹುಚ್ಚಾಟಗಳೆಲ್ಲ ಅಂಗೈ ಮೇಲಿನ ಗೆರೆ. ಈ ಪದ್ಧತಿಯ ನಿಜವಾದ ಬಲ ಅದೇ.

ಗ್ರೇಹೌಂಡ್‌ಗಳ ಕಥೆಯನ್ನು ಸ್ವಲ್ಪ ನಿಂತು ನೋಡಬೇಕು. ಫ್ಲಾರಿಡಾದ ಮತದಾರರು 2018ರ ನವೆಂಬರಿನಲ್ಲಿ ಶ್ವಾನಪಂದ್ಯ ಬೇಡವೆಂದು ತೀರ್ಪು ಕೊಟ್ಟರು. 2020ರ ಕೊನೆಗೆ ಅಲ್ಲಿನ ಟ್ರ್ಯಾಕುಗಳೆಲ್ಲ ಮುಚ್ಚಿದವು. ಮಕಾವಿನ ಕ್ಯಾನಿಡ್ರೋಮ್ 2018ರ ಜುಲೈನಲ್ಲಿ ಬಾಗಿಲು ಹಾಕಿದಾಗ ಐನೂರಕ್ಕೂ ಹೆಚ್ಚು ನಾಯಿಗಳು ಉಳಿದಿದ್ದವು. ಸ್ಥಳೀಯ ಸಂಘಟನೆಯೊಂದು ಅವುಗಳಿಗೆ ಹಲವು ದೇಶಗಳಲ್ಲಿ ಮನೆ ಹುಡುಕಿತು. ಹುಟ್ಟಿದಾಗಿನಿಂದ ಗೂಡು, ಟ್ರ್ಯಾಕು, ಟ್ರಕ್ಕು ಬಿಟ್ಟು ಬೇರೇನೂ ಕಂಡಿರದ ನಾಯಿಗಳವು. ಗಾಜಿನ ಬಾಗಿಲಿಗೆ ಮುಖ ಹೊಡೆದುಕೊಳ್ಳುತ್ತಿದ್ದವು, ಕನ್ನಡಿಯೊಳಗಿನ ನಾಯಿಗೆ ಬೆದರುತ್ತಿದ್ದವು, ಮೆಟ್ಟಿಲಿಗೆ ಒಂದೊಂದೇ ಕಾಲನ್ನು ಕೈಹಿಡಿದು ಇಡಿಸಬೇಕಿತ್ತು. ಅಂಥವು ಕೆಲವು ವಾರಗಳಲ್ಲಿ ಸೋಫಾದ ಖಾಯಂ ಗಿರಾಕಿಗಳಾದವು. ಮುದಿನಾಯಿಗೆ ಹೊಸದೇನೂ ತಲೆಗೆ ಹತ್ತುವುದಿಲ್ಲ ಎಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಪ್ರತ್ಯುತ್ತರ ಬೇಕಿಲ್ಲ. ನಮ್ಮ ಮುಧೋಳ ನಾಯಿಯೂ ಇದೇ ಕುಲದ್ದು, ನೋಟದಿಂದ ಬೇಟೆಯಾಡುವ ಓಟಗಾರ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ, 2005ರಲ್ಲಿ ಅಂಚೆಚೀಟಿಯೂ ಬಂದಿದೆ. ಹೆಮ್ಮೆಗೆಂದು ಅದನ್ನು ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ತಂದು, ಓಡಲು ಬಿಡದೆ, ಕೊನೆಗೆ ‘ಹೇಳಿದ ಮಾತು ಕೇಳುವುದಿಲ್ಲ’ ಎಂದು ಬಿಡುವವರಿಗೆ ಗ್ರೇಹೌಂಡ್ ಸಾಕಿದವರ ಅನುಭವ ಪಾಠವಾಗಬೇಕು. ಅಂಥ ನಾಯಿ ಐದಾರು ವರ್ಷ ದಾಟಿದ ಮೇಲೆ ದಿನಕ್ಕೆರಡು ನಡಿಗೆಗೆ ಸಮಾಧಾನಗೊಳ್ಳುತ್ತದೆ. ಫ್ಲ್ಯಾಟಿಗೆ ಮುಧೋಳ ಬೇಕೇ ಬೇಕೆಂದರೆ ವಯಸ್ಸಾದದ್ದನ್ನೇ ತನ್ನಿ.

ಗೋಲ್ಡನ್‌ಗಳ ವಿಷಯದಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಇಸ್ತಾಂಬುಲ್‌ನಲ್ಲಿ ಒಂದು ಕಾಲಕ್ಕೆ ಅಂತಸ್ತಿನ ಗುರುತಾಗಿದ್ದ ಗೋಲ್ಡನ್ ರಿಟ್ರೀವರ್‌ಗಳು ಸಾಕಿದವರಿಗೆ ಬೇಸರವಾಗಿ ಬೀದಿ ಪಾಲಾಗಿದ್ದವು. 2015ರಲ್ಲಿ ಅಟ್ಲಾಂಟಾದ ಗೋಲ್ಡನ್ ರಕ್ಷಣಾ ಸಂಸ್ಥೆಯೊಂದು ಅಂಥ ಮೂವತ್ತಕ್ಕೂ ಹೆಚ್ಚು ನಾಯಿಗಳನ್ನು ವಿಮಾನದಲ್ಲಿ ಅಮೆರಿಕಕ್ಕೆ ಕರೆತಂದಿತು. ಸುದ್ದಿ ಸೊಗಸಾಗಿತ್ತು. ಆದರೆ 2021ರ ಜುಲೈನಲ್ಲಿ ಅಮೆರಿಕ, ರೇಬೀಸ್ ಅಪಾಯ ಹೆಚ್ಚಿರುವ ನೂರಕ್ಕೂ ಹೆಚ್ಚು ದೇಶಗಳಿಂದ ನಾಯಿಗಳು ಬರುವುದನ್ನು ತಡೆಯಿತು. ಟರ್ಕಿಯೂ ಭಾರತವೂ ಆ ಪಟ್ಟಿಯಲ್ಲಿದ್ದವು. ಈಗಿನ ನಿಯಮಗಳು 2024ರ ಆಗಸ್ಟ್‌ನಿಂದ ಜಾರಿಯಲ್ಲಿವೆ. ಆರು ತಿಂಗಳು ತುಂಬಿರಬೇಕು, ಮೈಕ್ರೊಚಿಪ್ ಇರಬೇಕು, ರೇಬೀಸ್ ಲಸಿಕೆಯ ದಾಖಲೆ ಇರಬೇಕು. ಚಪ್ಪಟೆ ಮೂತಿಯ ತಳಿಗಳನ್ನು ಹಲವು ವಿಮಾನ ಸಂಸ್ಥೆಗಳು ಹತ್ತಿಸಿಕೊಳ್ಳುವುದೇ ಇಲ್ಲ. ಹೊರದೇಶಕ್ಕೆ ಹೊರಡುವ ಕನ್ನಡಿಗರಲ್ಲಿ ಕೆಲವರಿಗೆ ಇದು ನಿಜವಾದ ಅಡ್ಡಿ, ಕೆಲವರಿಗೆ ನಾಯಿಯನ್ನು ಬಿಟ್ಟು ಹೋಗಲು ನೆಪ. ಕಾಗದಪತ್ರ ಆರು ತಿಂಗಳು ಮೊದಲೇ ಶುರುಮಾಡಿದವರು ಹತ್ತು ವರ್ಷದ ನಾಯಿಯನ್ನೂ ಜೊತೆಗೆ ಕರೆದೊಯ್ದಿದ್ದಾರೆ.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಅಡಿಪಾಯ ಹಾಕಿದ್ದು ಕ್ರಿಸ್ಟಲ್ ರೋಜರ್ಸ್. 1906ರಲ್ಲಿ ಹುಟ್ಟಿದ ಈ ಇಂಗ್ಲಿಷ್ ಮಹಿಳೆ ದೆಹಲಿ, ಜೈಪುರಗಳಲ್ಲಿ ಪ್ರಾಣಿ ಆಶ್ರಯಗಳನ್ನು ಕಟ್ಟಿ, ಬೆಂಗಳೂರಿಗೆ ಬಂದು 1991ರಲ್ಲಿ ‘ಕ್ಯೂಪಾ’ ಎಂಬ ಪ್ರಾಣಿರಕ್ಷಣಾ ಸಂಸ್ಥೆಯನ್ನು ಸ್ಥಾಪಿಸಿದಾಗ ಎಂಬತ್ತೈದರ ಆಸುಪಾಸಿನಲ್ಲಿದ್ದರು. ವಯಸ್ಸಾಯಿತು ಎಂಬ ಮಾತನ್ನು ಅವರ ಎದುರು ಯಾರು ಆಡಿರಬಹುದೋ! ಮನೆಯವರು ಕೈಬಿಟ್ಟ ಜಾತಿನಾಯಿಗಳಿಗೆಂದೇ ಕ್ಯೂಪಾ ‘ಸೆಕೆಂಡ್ ಚಾನ್ಸ್’ ಹೆಸರಿನ ದತ್ತು ಕೇಂದ್ರವನ್ನು ನಡೆಸುತ್ತ ಬಂದಿದೆ. ಯಲಹಂಕದ ಕಡೆ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್ ಇದೆ. ಇವಲ್ಲದೆ ಫೋನು, ಸ್ಕೂಟರು ಮತ್ತು ಸ್ವಂತ ಸಂಬಳದ ಮೇಲೆ ನಡೆಯುವ ಹೆಸರಿಲ್ಲದ ಜಾಲಗಳು ಊರ ತುಂಬ ಇವೆ. ಪಶ್ಚಿಮದಂತೆ ಒಂದೊಂದು ತಳಿಗೂ ಒಂದೊಂದು ಸಂಸ್ಥೆ ಎನ್ನುವಷ್ಟು ನಾವಿನ್ನೂ ಬೆಳೆದಿಲ್ಲ.

ಸಮವಸ್ತ್ರದ ನಾಯಿಗಳದ್ದು ಬೇರೆಯೇ ಅಧ್ಯಾಯ. ಸೇನೆಯಲ್ಲಿ ದುಡಿದು ಅಶಕ್ತವಾದ ನಾಯಿಗಳಿಗೆ ದಯಾಮರಣ ಕೊಡುತ್ತಿದ್ದ ಪದ್ಧತಿ 2015ರ ಸುಮಾರಿಗೆ ಮಾಹಿತಿ ಹಕ್ಕಿನ ಅರ್ಜಿಯಿಂದ ಬಯಲಿಗೆ ಬಂದು, ವಿಷಯ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಆಮೇಲೆ ನೀತಿ ಬದಲಾಯಿತು. ಈಗ ನಿವೃತ್ತ ನಾಯಿಗಳನ್ನು ದತ್ತು ಕೊಡುತ್ತಾರೆ. 2019ರಲ್ಲಿ ದೆಹಲಿ ಮೆಟ್ರೊ ಕಾಯುತ್ತಿದ್ದ ಏಳು ನಾಯಿಗಳಿಗೆ ಸಿಐಎಸ್‌ಎಫ್ ಪದಕ, ಪ್ರಮಾಣಪತ್ರಗಳೊಂದಿಗೆ ಬೀಳ್ಕೊಡುಗೆ ಮಾಡಿ ಸ್ವಯಂಸೇವಾ ಸಂಸ್ಥೆಯೊಂದಕ್ಕೆ ಒಪ್ಪಿಸಿತು. ಸಿಆರ್‌ಪಿಎಫ್‌ನ ಶ್ವಾನ ತರಬೇತಿ ಶಾಲೆ ಇರುವುದು ನಮ್ಮ ಬೆಂಗಳೂರಿನ ಹೊರವಲಯದ ತರಳುವಿನಲ್ಲೇ. ಆದರೆ ಒಂದು ಎಚ್ಚರಿಕೆ. ಬಾಂಬು ಹುಡುಕುತ್ತಿದ್ದ ಲ್ಯಾಬ್ರಡಾರ್ ಬೇರೆ, ಹಲ್ಲೆಗೆ ತರಬೇತಾದ ಬೆಲ್ಜಿಯನ್ ಮ್ಯಾಲಿನ್ವಾ ಬೇರೆ. ಮೊದಲನೆಯದು ಮೊಮ್ಮಕ್ಕಳಿರುವ ಮನೆಗೂ ಒಗ್ಗಬಹುದು. ಎರಡನೆಯದಕ್ಕೆ ನಾಯಿಯನ್ನು ನಡೆಸಿ ಬಲ್ಲ ಕೈಯೇ ಬೇಕು.

ಈಗ ವಯಸ್ಸಿನ ವಿಚಾರ. ನಾಯಿಯ ಒಂದು ವರ್ಷ ಮನುಷ್ಯನ ಏಳು ವರ್ಷಕ್ಕೆ ಸಮ ಎನ್ನುವುದು ಬಾಯಿಮಾತಿನ ಲೆಕ್ಕ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಸಂಶೋಧಕರು ನೂರಕ್ಕೂ ಹೆಚ್ಚು ಲ್ಯಾಬ್ರಡಾರ್‌ಗಳ ಡಿಎನ್‌ಎ ಮೇಲೆ ಕಾಲ ಬಿಡುವ ರಾಸಾಯನಿಕ ಗುರುತುಗಳನ್ನು ಅಳೆದು 2020ರಲ್ಲಿ ಬೇರೆಯದೇ ಸೂತ್ರ ಕೊಟ್ಟರು. ಅದರ ಪ್ರಕಾರ ಎರಡು ವರ್ಷದ ಲ್ಯಾಬ್ ಆಗಲೇ ನಲವತ್ತೆರಡರ ಮನುಷ್ಯ. ಎಂಟು ವರ್ಷದ್ದು ಅರವತ್ತನಾಲ್ಕು, ಹನ್ನೆರಡರದ್ದು ಎಪ್ಪತ್ತೊಂದು. ಅಂದರೆ ಮೊದಲು ದಡದಡನೆ ವಯಸ್ಸಾಗಿ, ಆಮೇಲೆ ನಿಧಾನವಾಗುತ್ತದೆ. ಎಂಟರ ನಾಯಿ ನಿನ್ನೆಮೊನ್ನೆ ನಿವೃತ್ತರಾದ ಮೇಷ್ಟ್ರ ಹಾಗೆ. ಬೆಳಗಿನ ವಾಕಿಂಗು ತಪ್ಪಿಸುವುದಿಲ್ಲ, ಊಟದ ಹೊತ್ತಿಗೆ ಸರಿಯಾಗಿ ಹಾಜರು, ಮಿಕ್ಕ ಸಮಯ ಜಗುಲಿಯ ಮೇಲೆ. ದೇಹದ ಗಾತ್ರವನ್ನೂ ಗಮನಿಸಬೇಕು. ಗ್ರೇಟ್ ಡೇನ್‌ಗೆ ಏಳೇ ಇಳಿವಯಸ್ಸು. ನಮ್ಮೂರ ಮನೆಗಳಲ್ಲಿ ಬೊಗಳುವ ಪಾಮೆರೇನಿಯನ್ ಹತ್ತಾದರೂ ಗಡಸು. ತಳಿಯ ಸರಾಸರಿ ಆಯುಸ್ಸಿನ ಕೊನೆಯ ಕಾಲುಭಾಗವನ್ನು ಮುಪ್ಪು ಎಂದು ಪಶುವೈದ್ಯರು ಲೆಕ್ಕ ಹಾಕುತ್ತಾರೆ.

ಅನುಕೂಲಗಳನ್ನು ಹಾಡಿಹೊಗಳುವ ಅಗತ್ಯವಿಲ್ಲ. ಉಚ್ಚೆ ಎಲ್ಲಿ ಹೊಯ್ಯಬೇಕೆಂದು ಅದಕ್ಕೆ ಗೊತ್ತು, ಚಪ್ಪಲಿ ಕಚ್ಚುವ ಕಾಲ ಮುಗಿದಿದೆ, ರಾತ್ರಿ ನಿದ್ದೆ ಮಾಡುತ್ತದೆ. ದುಡಿಯುವ ಗಂಡ–ಹೆಂಡತಿಗೆ ಇಷ್ಟು ಸಾಕು.

ಕಷ್ಟಗಳನ್ನು ಮಾತ್ರ ಬಿಡಿಸಿ ಹೇಳಬೇಕು, ಏಕೆಂದರೆ ದತ್ತು ಕೊಡುವವರು ಸಾಮಾನ್ಯವಾಗಿ ಇಲ್ಲಿ ದನಿ ತಗ್ಗಿಸುತ್ತಾರೆ. ಮೊದಲನೆಯದು ನೆಲ. ನಮ್ಮ ಮನೆಗಳ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಮುದಿನಾಯಿಯ ಪಾಲಿಗೆ ಮಂಜುಗಡ್ಡೆ. ಸಂಧಿವಾತದ ಹಿಂಗಾಲು ಜಾರಿ ಎರಡು ಕಡೆಗೆ ಹರಡಿಕೊಂಡರೆ ಎದ್ದು ನಿಲ್ಲಲು ಅದು ಪಡುವ ಪಾಡನ್ನು ನೋಡಲಾಗದು. ಮಲಗುವ ಜಾಗದಿಂದ ನೀರಿನ ಬಟ್ಟಲಿನವರೆಗೆ, ಬಟ್ಟಲಿನಿಂದ ಬಾಗಿಲವರೆಗೆ ರಬ್ಬರ್ ಚಾಪೆ ಹಾಸಿ, ಅಂಗಾಲಿನ ಬೆರಳ ಸಂದಿಯ ಕೂದಲನ್ನು ಕತ್ತರಿಸಿ, ಉಗುರು ಮೊಟಕು ಮಾಡಿ. ಔಷಧಿಗಿಂತ ಮೊದಲು ಇದು ಗುಣ ಕೊಡುತ್ತದೆ. ನೋವು ನೋಡಲಾರದೆ ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆಯನ್ನು ಕೊಡಬೇಡಿ. ಐಬುಪ್ರೊಫೆನ್, ಪ್ಯಾರಾಸಿಟಮಾಲ್ ನಾಯಿಯ ಪ್ರಾಣಕ್ಕೇ ಎರವಾಗಬಲ್ಲವು. ಮೆಟ್ಟಿಲು ಹತ್ತಲಾರದ ನಾಯಿಗೆ ಲಿಫ್ಟೇ ಗತಿ. ಅಪಾರ್ಟ್‌ಮೆಂಟ್ ಸಂಘಗಳು ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಕೆಯನ್ನೂ ತಡೆಯುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಸುತ್ತೋಲೆಯಲ್ಲೇ ಹೇಳಿದೆ. ಅದರ ಪ್ರತಿಯೊಂದನ್ನು ಮೊದಲೇ ಮುದ್ರಿಸಿ ಇಟ್ಟುಕೊಳ್ಳಿ, ಬೇಕಾಗುತ್ತದೆ.

ಎರಡನೆಯದು ತೂಕ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲುಭಾಗದವುಗಳಿಗೆ ಹೊಟ್ಟೆ ತುಂಬಿತೆಂಬ ಸೂಚನೆಯೇ ಸರಿಯಾಗಿ ಸಿಗದಂಥ ಜೀನ್ ದೋಷವಿದೆಯೆಂದು ಕೇಂಬ್ರಿಜ್ ಸಂಶೋಧಕರು 2016ರಲ್ಲಿ ತೋರಿಸಿದರು. ಆ ಕಣ್ಣುಗಳ ಬೇಡಿಕೆಗೆ ಮನೆಮಂದಿಯೆಲ್ಲ ಸರದಿಯಲ್ಲಿ ಬಿಸ್ಕತ್ತು ಹಾಕುತ್ತಾರೆ, ಅಜ್ಜಿ ತುಪ್ಪ ಹಾಕಿದ ಅನ್ನ ಕಲಸುತ್ತಾರೆ. ಇನ್ನೊಂದು ದೀರ್ಘ ಅಧ್ಯಯನ 48 ಲ್ಯಾಬ್‌ಗಳನ್ನು ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಊಟ ಹಾಕುತ್ತ ಬಂದಿತು. ಮಿತವಾಗಿ ಉಂಡವು ಸರಾಸರಿ ಎರಡು ವರ್ಷಕ್ಕೆ ಹತ್ತಿರ ಹೆಚ್ಚು ಬದುಕಿದವು, ಸಂಧಿವಾತವೂ ತಡವಾಗಿ ಬಂತು. ದತ್ತು ಬಂದ ಡುಮ್ಮ ಲ್ಯಾಬ್‌ನ ತೂಕ ಐದಾರು ಕಿಲೋ ಇಳಿಸಿ ನೋಡಿ. ಮುಪ್ಪು ಎಂದುಕೊಂಡಿದ್ದರಲ್ಲಿ ಅರ್ಧ ಬರೀ ಕೊಬ್ಬಾಗಿತ್ತೆಂದು ತಿಳಿಯುತ್ತದೆ.

ಮಿಕ್ಕವು ಪಶುವೈದ್ಯರ ಕೋಣೆಯ ವಿಷಯಗಳು. ಹಲ್ಲಿನ ಕೀವು, ಸಂತಾನಹರಣ ಆಗದ ಹೆಣ್ಣಿಗೆ ಗರ್ಭಕೋಶದ ಸೋಂಕು ಮತ್ತು ಮೊಲೆಗಡ್ಡೆ, ಚಿಕ್ಕ ತಳಿಗಳಿಗೆ ಹೃದಯದ ಕವಾಟದ ತೊಂದರೆ, ಗೋಲ್ಡನ್‌ಗೆ ಕ್ಯಾನ್ಸರ್, ಶೆಫರ್ಡ್‌ಗೆ ಸೊಂಟ, ಎಲ್ಲಕ್ಕೂ ಉಣ್ಣಿಯಿಂದ ಬರುವ ಜ್ವರ. ಕೆಲವಕ್ಕೆ ಅರುಳುಮರುಳು ಬರುತ್ತದೆ. ನಡುರಾತ್ರಿ ಎದ್ದು ಗೋಡೆಯ ಮೂಲೆಗೆ ಮುಖ ಮಾಡಿ ನಿಲ್ಲುತ್ತವೆ, ಹಗಲು–ರಾತ್ರಿಯ ಲೆಕ್ಕ ತಪ್ಪುತ್ತದೆ. ಸಾಕುಪ್ರಾಣಿ ವಿಮೆಗೆ ವಯಸ್ಸಿನ ಮಿತಿಯಿದೆ. ಎಂಟು ದಾಟಿದ ದೊಡ್ಡ ನಾಯಿಗೆ ಹೊಸದಾಗಿ ಪಾಲಿಸಿ ಸಿಗುವ ಭರವಸೆ ಇಟ್ಟುಕೊಳ್ಳದೆ, ತಿಂಗಳಿಗಿಷ್ಟೆಂದು ಎತ್ತಿಡುವುದು ಲೇಸು. ಹಣದ ಅನುಕೂಲ ಇಲ್ಲದವರು ತರಬಾರದೆ? ದತ್ತು ಬೇಡ, ಫೋಸ್ಟರ್ ಆಗಿ ಎನ್ನುತ್ತೇನೆ. ಸಾಯುವತನಕ ನಾಯಿ ನಿಮ್ಮ ಮನೆಯಲ್ಲಿ, ಔಷಧದ ಖರ್ಚು ಸಂಸ್ಥೆಯದ್ದು, ಇಂಥ ಏರ್ಪಾಡು ಹೊರದೇಶಗಳಲ್ಲಿ ಚೆನ್ನಾಗಿ ನಡೆದಿದೆ. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶೆರಿ ಫ್ರ್ಯಾಂಕ್ಲಿನ್ ಶುರುಮಾಡಿದ ‘ಮಟ್‌ವಿಲ್’ ಏಳು ದಾಟಿದ ನಾಯಿಗಳನ್ನಷ್ಟೇ ತೆಗೆದುಕೊಳ್ಳುತ್ತದೆ. ಹಿರಿಯ ನಾಗರಿಕರಿಗೆ ಹಿರಿಯ ನಾಯಿಯನ್ನು ಜೋಡಿಸುವುದಕ್ಕೆಂದೇ ಅಲ್ಲಿ ಪ್ರತ್ಯೇಕ ಯೋಜನೆಯಿದೆ. ಮೈಸೂರು, ಧಾರವಾಡ, ಮಂಗಳೂರುಗಳ ನಿವೃತ್ತರ ಬಡಾವಣೆಗಳಿಗೆ ಇದಕ್ಕಿಂತ ಒಪ್ಪುವ ಯೋಜನೆ ನನಗೆ ತೋಚುವುದಿಲ್ಲ. ಇಪ್ಪತ್ತು ಕಿಲೋದೊಳಗಿನ ಸಾಧು ನಾಯಿಯಾಗಿರಲಿ, ‘ನಮ್ಮ ನಂತರ ಯಾರು’ ಎಂಬುದು ಬರಹದಲ್ಲಿರಲಿ. ರತನ್ ಟಾಟಾ ಕೂಡ ತಮ್ಮ ಜರ್ಮನ್ ಶೆಫರ್ಡ್ ಟಿಟೊನ ಆರೈಕೆಗೆ ಉಯಿಲಿನಲ್ಲೇ ವ್ಯವಸ್ಥೆ ಮಾಡಿಟ್ಟು ಹೋದರೆಂದು 2024ರಲ್ಲಿ ಪತ್ರಿಕೆಗಳು ಬರೆದವು.

‘ಎರಡೇ ವರ್ಷದಲ್ಲಿ ಸತ್ತು ಹೋದರೆ? ಮಕ್ಕಳು ತಡೆದುಕೊಳ್ಳುವುದಿಲ್ಲ’ ಎನ್ನುವವರೇ ಹೆಚ್ಚು. ಈ ಮಾತಿಗೆ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ. ಸಾಯುತ್ತದೆ. ಹನ್ನೆರಡು ವರ್ಷ ಸಾಕಿದ ನಾಯಿಯೂ ಸಾಯುತ್ತದೆ, ಆಗ ಮಕ್ಕಳು ಪಿಯುಸಿ ಪರೀಕ್ಷೆಯಲ್ಲಿರುತ್ತಾರೆ. ಸಾವನ್ನು ಮಕ್ಕಳಿಗಿಂತ ಹೆಚ್ಚು ತಡೆದುಕೊಳ್ಳಲಾರದವರು ದೊಡ್ಡವರೇ ಎಂದು ನನಗೆ ಹಲವು ಸಲ ಅನ್ನಿಸಿದೆ.

ರಕ್ಷಣಾ ಕೆಲಸ ಮಾಡುವವರ ಮೇಲೂ ದೂರುಗಳಿವೆ, ಕೆಲವು ನಿಜ. ಕಚ್ಚಿದ ಇತಿಹಾಸ ಮುಚ್ಚಿಟ್ಟು ‘ಸಾಧು’ ಎಂದು ಬರೆಯುತ್ತಾರೆ. ಹತ್ತು ವರ್ಷದ್ದಕ್ಕೆ ಏಳು ಎನ್ನುತ್ತಾರೆ. ಬಾಡಿಗೆ ಮನೆಯವರನ್ನು, ಒಂಟಿ ಯುವಕರನ್ನು ವಿಚಾರಣೆಯ ಕೈದಿಯಂತೆ ಪ್ರಶ್ನಿಸಿ ಅಟ್ಟುತ್ತಾರೆ. ಹಾಗೆ ಅಟ್ಟಿಸಿಕೊಂಡವರು ನೇರ ಮರಿ ಮಾರುವವನ ಬಳಿಗೇ ಹೋಗುತ್ತಾರೆ. ಅನುಮಾನಕ್ಕೆ ಕಾರಣವೂ ಇಲ್ಲದಿಲ್ಲ, ಬಿಟ್ಟಿ ಸಿಕ್ಕ ಜಾತಿನಾಯಿಯಿಂದ ಮರಿ ಹಾಕಿಸಲು ಬರುವವರಿದ್ದಾರೆ. ಸಂತಾನಹರಣ ಮಾಡದೆ ಕೊಡಬಾರದು ಎಂಬ ಹಟ ಅದಕ್ಕಾಗಿಯೇ, ಅದು ಸರಿ. ಆದರೆ ವಯಸ್ಸು ಮುಚ್ಚಿಡುವುದು ಸರಿಯಲ್ಲ. ಸುಳ್ಳಿನಿಂದ ಮನೆ ಸೇರಿದ ಮುದಿನಾಯಿ ಎರಡನೆಯ ಸಲ ಬೀದಿಗೆ ಬೀಳುತ್ತದೆ.

ಬೀದಿಯ ದೇಸಿ ನಾಯಿಗಳು ಲಕ್ಷಗಟ್ಟಲೆ ಇರುವಾಗ ಜಾತಿನಾಯಿಗಳ ಮೇಲೇಕೆ ಈ ವ್ಯಾಮೋಹ ಎಂಬ ಪ್ರಶ್ನೆಯೂ ಕೇಳಿಬರುತ್ತದೆ. ದೇಸಿ ನಾಯಿಯನ್ನು ಸಾಕಬಲ್ಲವರು ಖಂಡಿತ ಸಾಕಲಿ. ನಮ್ಮ ಹವೆಗೆ ಅದರಷ್ಟು ಗಟ್ಟಿ ಇನ್ನೊಂದಿಲ್ಲ. ಆದರೆ ಸೋಫಾದ ಮೇಲೆ ಬೆಳೆದ ಒಂಬತ್ತು ವರ್ಷದ ಪಗ್ ಅನ್ನು ಬೀದಿಗೆ ಬಿಟ್ಟರೆ ಅದು ಒಂದು ಬೇಸಿಗೆ ದಾಟುವುದಿಲ್ಲ. ನನಗೆ ಹೆಚ್ಚು ತೂಕದ್ದೆನಿಸುವ ಆಕ್ಷೇಪ ಬೇರೆ. ರಕ್ಷಣಾ ಕೇಂದ್ರಗಳು ಸದಾ ಬಾಗಿಲು ತೆರೆದಿಟ್ಟರೆ ಜನ ಹಳೆಯದನ್ನು ಅಲ್ಲಿ ಬಿಟ್ಟು ಹೊಸ ಮರಿ ತರುತ್ತಾರೆ. ಇದು ಕಲ್ಪನೆಯಲ್ಲ, ನಡೆಯುತ್ತಿರುವುದೇ. ಬಿಟ್ಟುಹೋಗುವವರಿಂದ ನಾಯಿಯ ಪೂರ್ಣ ಚಿಕಿತ್ಸಾ ದಾಖಲೆಯನ್ನೂ ಉಳಿದ ಆಯುಸ್ಸಿನ ಖರ್ಚಿನ ಒಂದು ಪಾಲನ್ನೂ ಕಡ್ಡಾಯವಾಗಿ ಪಡೆಯಬೇಕು. ದುಡ್ಡು ಕೇಳಿದರೆ ಬೀದಿಗೆ ಬಿಡುತ್ತಾರೆಂಬ ಭಯ ಇದೆ. ಐವತ್ತು ರೂಪಾಯಿಯ ದಂಡ ಐವತ್ತು ಸಾವಿರವಾಗಿ, ಮೈಕ್ರೊಚಿಪ್ ಕಡ್ಡಾಯವಾದ ದಿನ ಆ ಭಯಕ್ಕೆ ಅರ್ಥವಿರುವುದಿಲ್ಲ. ಶಾಸನಸಭೆಗಳಲ್ಲಿ ಕೂತವರು ಮಾಡಬೇಕಾದ ಕೆಲಸ ಅದು.

ಓದುಗರು ಮಾಡಬಹುದಾದದ್ದು ಇಷ್ಟು. ಮರಿಗೆ ಮುಂಗಡ ಕೊಡುವ ಮುಂಚೆ ಹತ್ತಿರದ ಕೇಂದ್ರಕ್ಕೆ ಫೋನ್ ಮಾಡಿ, ಏಳು ದಾಟಿದ್ದು ಯಾವುದಿದೆ ಎಂದು ಕೇಳಿ. ಭಾನುವಾರದ ಗದ್ದಲ ಬಿಟ್ಟು ವಾರದ ನಡುವೆ ಹೋಗಿ, ನಾಯಿಯ ಜೊತೆ ಅರ್ಧ ಗಂಟೆ ನಡೆಯಿರಿ. ಮೂತ್ರಪಿಂಡ, ಯಕೃತ್ತಿನ ರಕ್ತಪರೀಕ್ಷೆಯ ವರದಿ, ಸೊಂಟದ ಎಕ್ಸ್‌ರೇ, ಕಚ್ಚಿದ ಚರಿತ್ರೆ ಮೂರನ್ನೂ ಕೇಳಿ ಪಡೆಯಿರಿ. ಕೊಡಲು ಹಿಂಜರಿದರೆ ಬೇರೆ ಕೇಂದ್ರ ನೋಡಿ. ಒಪ್ಪಿಗೆಯಾದರೆ ಮೊದಲು ಫೋಸ್ಟರ್ ಆಗಿ ಕರೆದೊಯ್ಯಿರಿ. ಮೊದಲ ಮೂರು ದಿನ ಉಣ್ಣದಿರಬಹುದು, ಮೂರು ವಾರ ಬಾಗಿಲ ಕಡೆ ನೋಡುತ್ತಿರಬಹುದು, ಮನೆ ತನ್ನದೆನ್ನಲು ಮೂರು ತಿಂಗಳು ಬೇಕಾಗಬಹುದು. ಅಷ್ಟರವರೆಗೆ ನೆಂಟರನ್ನು ಕರೆದು ತೋರಿಸಬೇಡಿ, ಸ್ನಾನ ಮಾಡಿಸುವ ಅವಸರ ಬೇಡ, ಹಳೆಯ ಹೆಸರನ್ನೂ ಬದಲಿಸಬೇಡಿ.